ಕಂಪ್ಯೂಟರ್ ಇರುವಾಗ ಬಯಲಲ್ಲಿ ಹಾರಿಸಿ ನೋಡುವುದು ಯಾಕೆ?

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು, ನಾಯಕನಹಟ್ಟಿ ಕಡೆ. ಇಂಜಿನಿಯರಿಂಗ್ ಮೂರನೇ ವರ್ಷ ಓದುತ್ತಿದ್ದೇನೆ. ಊರಿಗೆ ಹೋದಾಗ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆಯ ಮಾತು ಕೇಳುತ್ತಲೇ ಇರುತ್ತೇನೆ. ಕಾಲೇಜಿನಲ್ಲಿ ನಾವು ಎಲ್ಲವನ್ನೂ ಕಂಪ್ಯೂಟರಿನಲ್ಲೇ ಸಿಮ್ಯುಲೇಶನ್ ಮಾಡುತ್ತೇವೆ. ಹಾಗಿದ್ದ ಮೇಲೆ ಇಷ್ಟು ಖರ್ಚು ಮಾಡಿ ನಿಜವಾಗಿ ಹಾರಿಸಿ ನೋಡುವುದು ಯಾಕೆ? ಅದಕ್ಕೆ ನಮ್ಮ ದನ ಮೇಯುವ ಕಾವಲನ್ನೇ ಆರಿಸಿದ್ದು ಯಾಕೆ? ನಮ್ಮ ಕಡೆ ಎರಡು ಸಲ ವಿಮಾನ ಹೊಲಕ್ಕೆ ಬಿತ್ತು. ಅದು ಸೋಲಲ್ವಾ? ಇನ್ನೊಂದು: ಗೆಳೆಯರೆಲ್ಲ ಸೇರಿ ಒಂದು ಸಣ್ಣ ಡ್ರೋನ್ ಮಾಡಿದ್ದೇವೆ. ಅದನ್ನು ಊರಲ್ಲಿ ಹಾರಿಸಬಹುದಾ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ನಿಮ್ಮ ತಂದೆಯವರಿಗೆ ಗೊತ್ತಿರುತ್ತದೆ. ನಿಮ್ಮ ಕಡೆ ಬೋರ್ ಕೊರೆಸುವ ಮುಂಚೆ ಪಾಯಿಂಟ್ ಮಾಡಿಸುತ್ತಾರೆ. ಯಂತ್ರ ಇಟ್ಟು ನೋಡಿ, ಇಲ್ಲಿ ಇಷ್ಟು ಅಡಿಗೆ ನೀರಿದೆ ಅನ್ನುತ್ತಾರೆ. ಆ ಮಾತು ಸುಳ್ಳಲ್ಲ, ಅದರಿಂದ ಉಪಯೋಗವೂ ಇದೆ. ಆದರೆ ನೀರು ಇದೆಯೋ ಇಲ್ಲವೋ ಗೊತ್ತಾಗುವುದು ಲಾರಿ ಬಂದು ಕೊರೆದ ಮೇಲೇ. ಸಿಮ್ಯುಲೇಶನ್ ಅಂದರೆ ಪಾಯಿಂಟ್ ಮಾಡಿಸಿದ ಹಾಗೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ವಿಮಾನದ ಸಿಮ್ಯುಲೇಶನ್ ಒಳಗೆ ಏನಿರುತ್ತದೆ? ಒಂದಷ್ಟು ಸಮೀಕರಣ, ರಾಶಿ ರಾಶಿ ಅಂಕಿ. ರೆಕ್ಕೆಯ ತುದಿಯ ಪಟ್ಟಿಯನ್ನು ಇಷ್ಟು ಡಿಗ್ರಿ ತಿರುಗಿಸಿದರೆ ವಿಮಾನ ಎಷ್ಟು ವಾಲುತ್ತದೆ, ಈ ವೇಗದಲ್ಲಿ ಎಳೆತ ಎಷ್ಟು, ನೆಲಕ್ಕೆ ಹತ್ತಿರವಾದಾಗ ಎತ್ತುವ ಬಲ ಎಷ್ಟು ಜಾಸ್ತಿಯಾಗುತ್ತದೆ, ಹೀಗೆ. ಸಮೀಕರಣ ಹಳೆಯದು, ಅದರಲ್ಲಿ ಅನುಮಾನ ಇಲ್ಲ. ಅನುಮಾನ ಇರುವುದು ಅಂಕಿಗಳಲ್ಲಿ. ಅವು ಎಲ್ಲಿಂದ ಬಂದವು? ಕೆಲವು ಲೆಕ್ಕದಿಂದ, ಕೆಲವು ಮಾದರಿಯ ಮೇಲೆ ಗಾಳಿ ಬಿಟ್ಟು ಅಳೆಯುವ ವಿಂಡ್ ಟನಲ್‌ನಿಂದ, ಕೆಲವು ಹಿಂದಿನ ವಿಮಾನದಿಂದ. ಇನ್ನು ಕೆಲವು, ನಿಜ ಹೇಳಬೇಕೆಂದರೆ, ಅನುಭವಸ್ಥರ ಅಂದಾಜಿನಿಂದ. ಹೊಸ ಯಂತ್ರದಲ್ಲಿ ಕೀಲು ಎಷ್ಟು ಸಡಿಲ, ಸೆನ್ಸರ್ ಎಷ್ಟು ತಡವಾಗಿ ಉತ್ತರ ಕೊಡುತ್ತದೆ, ಬಿಸಿಲಿಗೆ ಕಾದ ರನ್‌ವೇ ಮೇಲಿನ ಗಾಳಿ ಹೇಗೆ ಕುಲುಕುತ್ತದೆ ಅನ್ನುವುದನ್ನು ಕಂಪ್ಯೂಟರ್ ತಾನಾಗಿ ಹೇಳುವುದಿಲ್ಲ. ನಾವು ಹಾಕಿದ್ದನ್ನೇ ಲೆಕ್ಕ ಮಾಡಿ ಕೊಡುತ್ತದೆ. ನಾವು ಹಾಕಲು ಮರೆತದ್ದು ಅದರ ಪಾಲಿಗೆ ಲೋಕದಲ್ಲೇ ಇಲ್ಲ.

ಹಾಗಾದರೆ ಬಯಲಿನ ಪರೀಕ್ಷೆ ಅಂದರೆ ಯಂತ್ರ ಕೆಲಸ ಮಾಡುತ್ತದೆ ಅಂತ ಎಲ್ಲರಿಗೂ ತೋರಿಸುವುದಾ? ಅಲ್ಲ. ಟಿವಿಯಲ್ಲಿ ಹಾಗೆ ಕಾಣುತ್ತದೆ, ಚಪ್ಪಾಳೆ ತಟ್ಟುತ್ತಾರೆ. ಕೆಲಸ ಮಾಡುವವರ ಕಣ್ಣಲ್ಲಿ ಪರೀಕ್ಷೆ ಅಂದರೆ ಒಂದೇ ಒಂದು ಅನುಮಾನವನ್ನು ಬೇರೆ ಎಲ್ಲ ಅನುಮಾನಗಳಿಂದ ಬಿಡಿಸಿ ನೋಡುವುದು. ಪರೀಕ್ಷೆಗೆ ಬೇರೆ ಬೇರೆ ಜಾಗ ಕಟ್ಟುವುದೂ ಅದಕ್ಕೇ. ಒಂದೊಂದು ಜಾಗವೂ ಒಂದೊಂದು ಬಗೆಯ ಅನುಮಾನಕ್ಕೆ ಹೊಂದುತ್ತದೆ.

ನಿಮ್ಮ ಊರಿನ ಪಕ್ಕದಲ್ಲೇ ನಡೆದದ್ದನ್ನು ತೆಗೆದುಕೊಳ್ಳೋಣ. ಇಸ್ರೋದ ರೆಕ್ಕೆ ಇರುವ ಮರುಬಳಕೆ ವಾಹನ, ಅದೇ ‘ಪುಷ್ಪಕ್’. ಅಂತರಿಕ್ಷಕ್ಕೆ ಹೋಗಿ, ವಾತಾವರಣಕ್ಕೆ ಮರಳಿ, ವಿಮಾನದ ಹಾಗೆ ರನ್‌ವೇ ಮೇಲೆ ಇಳಿಯುವ ವಾಹನ ಮಾಡಬೇಕು ಅನ್ನುವುದು ಕೊನೆಯ ಗುರಿ. ಇದನ್ನು ಒಂದೇ ಏಟಿಗೆ ಮಾಡಿ ನೋಡಿದರೆ ಏನಾಗುತ್ತದೆ? ಎಲ್ಲೋ ಒಂದು ಕಡೆ ಕೆಡುತ್ತದೆ. ಬಿಸಿಗೆ ಕೆಟ್ಟಿತೋ, ದಾರಿ ತಪ್ಪಿತೋ, ಚಕ್ರ ಮುರಿಯಿತೋ ಗೊತ್ತಾಗುವುದಿಲ್ಲ. ಅದಕ್ಕೇ ಕೆಲಸವನ್ನು ತುಂಡು ಮಾಡಿದರು.

ಮೊದಲ ತುಂಡು 2016ರ ಮೇ 23ರಂದು, ಶ್ರೀಹರಿಕೋಟಾದಿಂದ. ರಾಕೆಟ್ ಮೇಲೆ ಕೂತು ವಾಹನ ಸುಮಾರು 65 ಕಿ.ಮೀ. ಎತ್ತರಕ್ಕೆ ಹೋಯಿತು. ಶಬ್ದದ ಐದು ಪಟ್ಟು ವೇಗದ ಆಸುಪಾಸಿನಲ್ಲಿ ಮರಳಿತು. ಕೊನೆಗೆ ಇಳಿದದ್ದು ಬಂಗಾಳ ಕೊಲ್ಲಿಯ ನೀರಿಗೆ. ರನ್‌ವೇ ಇರಲೇ ಇಲ್ಲ, ಇಳಿಯುವುದು ಆವತ್ತಿನ ಪ್ರಶ್ನೆಯೂ ಆಗಿರಲಿಲ್ಲ. ಅಷ್ಟು ವೇಗದಲ್ಲಿ ರೆಕ್ಕೆಯ ವಾಹನ ಹಿಡಿತದಲ್ಲಿರುತ್ತದಾ, ಬಿಸಿ ತಡೆಯುವ ಹೊದಿಕೆ ಉಳಿಯುತ್ತದಾ ಅನ್ನುವುದಷ್ಟೇ ಪ್ರಶ್ನೆ.

ಇಳಿಯುವ ಪ್ರಶ್ನೆ ಕೇಳಲು ಚಳ್ಳಕೆರೆಗೆ ಬಂದರು. ಇಲ್ಲಿ ರಾಕೆಟ್ಟೇ ಬೇಕಿಲ್ಲ. 2023ರ ಏಪ್ರಿಲ್ 2ರ ಬೆಳಿಗ್ಗೆ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು ಹೊಟ್ಟೆಯ ಕೆಳಗೆ ನೇತು ಹಾಕಿಕೊಂಡು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಏರಿತು. ರನ್‌ವೇಯಿಂದ 4.6 ಕಿ.ಮೀ. ದೂರದಲ್ಲಿ ಬಿಟ್ಟಿತು. ಅಲ್ಲಿಂದ ಮುಂದೆ ಯಾರೂ ಕೈ ಹಾಕುವಂತಿಲ್ಲ. ಬಿಡುವ ಕ್ಷಣವನ್ನೂ ವಾಹನದ ಕಂಪ್ಯೂಟರೇ ತೀರ್ಮಾನಿಸಿತು. ಜಾಗ, ವೇಗ, ಎತ್ತರ, ವಾಲುವ ದರ ಅಂತ ಹತ್ತು ಅಳತೆಗಳು ಗೆರೆಯ ಒಳಗೆ ಬಂದ ಮೇಲೇ ಕೊಕ್ಕೆ ಬಿಟ್ಟಿತು. ಹತ್ತರಲ್ಲಿ ಒಂಬತ್ತು ಸರಿ ಇದೆ, ನಡೀಲಿ ಅನ್ನುವ ಮಾತು ಈ ಕೆಲಸದಲ್ಲಿ ಇಲ್ಲ.

ಆ ಸಲ ವಾಹನ ರನ್‌ವೇಗೆ ನೇರವಾಗಿತ್ತು. 2024ರ ಮಾರ್ಚ್ 22ರಂದು ಎರಡನೇ ಸಲ ಬಿಟ್ಟಾಗ ಬೇಕೆಂದೇ 150 ಮೀಟರ್ ಪಕ್ಕಕ್ಕೆ ಬಿಟ್ಟರು. ತಾನೇ ಸರಿ ಮಾಡಿಕೊಂಡು ಗೆರೆಗೆ ಬಂದು ಇಳಿಯಿತು. ಮೂರನೇ ಸಲ, ಅದೇ ವರ್ಷ ಜೂನ್ 23ರಂದು, 500 ಮೀಟರ್ ಪಕ್ಕಕ್ಕೆ. ಗಾಳಿಯೂ ಜೋರಾಗಿತ್ತು. ಎರಡನೇ ಸಲ ಬಳಸಿದ ದೇಹವನ್ನೇ ಮತ್ತೆ ಬಳಸಿದ್ದರು. ಮರುಬಳಕೆ ಅನ್ನುವ ಪ್ರಶ್ನೆಗೂ ಒಂದು ಸಣ್ಣ ಉತ್ತರ ಸಿಕ್ಕಿತು. ಈ ಕ್ರಮವನ್ನು ಗಮನಿಸಿ. ಮೊದಲು ನೇರ, ಆಮೇಲೆ ಸ್ವಲ್ಪ ಓರೆ, ಆಮೇಲೆ ಜಾಸ್ತಿ ಓರೆ. ಪತ್ರಿಕೆಗಳಲ್ಲಿ ಮೂರು ಸಲವೂ ‘ಯಶಸ್ವಿ ಇಳಿಕೆ’ ಅಂತಲೇ ಬಂತು. ಅಸಲಿ ವಿಷಯ ಇದ್ದದ್ದು ಆ 150 ಮತ್ತು 500ರಲ್ಲಿ.

ಇನ್ನೊಂದು ಅಂಕಿ ನನಗೆ ತುಂಬ ಇಷ್ಟ. ಈ ವಾಹನದ ರೆಕ್ಕೆ ಚಿಕ್ಕದು, ಎತ್ತುವ ಬಲ ಕಡಿಮೆ. ಹಾಗಾಗಿ ನೆಲ ಮುಟ್ಟುವಾಗ ವೇಗ ಗಂಟೆಗೆ 320 ಕಿ.ಮೀ. ದಾಟಿರುತ್ತದೆ. ಪ್ರಯಾಣಿಕರ ವಿಮಾನ ಇಳಿಯುವುದು 260ರ ಸುಮಾರಿಗೆ, ಯುದ್ಧವಿಮಾನ 280ರ ಸುಮಾರಿಗೆ. ಎಂಜಿನ್ ಇಲ್ಲದ್ದರಿಂದ ‘ಇನ್ನೊಂದು ಸುತ್ತು ಹೊಡೆದು ಬರ್ತೀನಿ’ ಅನ್ನುವಂತೆಯೂ ಇಲ್ಲ. ನೆಲ ಮುಟ್ಟಿದ ಮೇಲೆ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ನೂರರ ಹತ್ತಿರಕ್ಕೆ ಇಳಿಸಿ, ಆಮೇಲೆ ಚಕ್ರದ ಬ್ರೇಕ್ ಹಾಕುತ್ತದೆ. ಚಕ್ರ, ಬ್ರೇಕು, ಪ್ಯಾರಾಚೂಟು, ಎತ್ತರ ಅಳೆಯುವ ರಾಡಾರ್, ಎಲ್ಲವನ್ನೂ ಮೊದಲೇ ಬೇರೆ ಬೇರೆಯಾಗಿ ಪರೀಕ್ಷಿಸಿರುತ್ತಾರೆ. ಎಲ್ಲವೂ ಒಟ್ಟಿಗೆ ಅದೇ ಅರ್ಧ ನಿಮಿಷದಲ್ಲಿ ಸರಿಯಾಗಿ ನಡೆಯುತ್ತವಾ ಅನ್ನುವುದನ್ನು ಬಯಲೇ ಹೇಳಬೇಕು.

ಮೂರೂ ಪರೀಕ್ಷೆ ನಡೆದದ್ದು ಬೆಳಿಗ್ಗೆ ಏಳು ಗಂಟೆಯ ಆಸುಪಾಸಿನಲ್ಲಿ. ಇದು ಮುಹೂರ್ತ ಅಲ್ಲ. ಬಿಸಿಲೇರಿದರೆ ನೆಲ ಕಾದು ಗಾಳಿ ಮೇಲೇಳಲು ಶುರುವಾಗುತ್ತದೆ. ಆಗ ಯಂತ್ರ ಅಲುಗಿದ್ದು ತನ್ನ ದೋಷದಿಂದಲೋ ಗಾಳಿಯಿಂದಲೋ ಹೇಳುವುದು ಕಷ್ಟ. ಬೆಳಗಿನ ಗಾಳಿ ಸುಮ್ನೆ ಇರುತ್ತದೆ.

ನಿಮ್ಮ ತಾಲ್ಲೂಕಿನಲ್ಲಿ ಚಂದ್ರನನ್ನೂ ಮಾಡಿದ್ದರು, ಗೊತ್ತಾ? ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ನೆಲ ಅಗೆಸಿ ಚಂದ್ರನ ಮೇಲಿನಂಥ ಕುಳಿಗಳನ್ನು ಮಾಡಿಸಿತ್ತು. ಚಂದ್ರನ ಮೇಲೆ ಇಳಿಯುವ ಲ್ಯಾಂಡರ್‌ನ ಸೆನ್ಸರ್‌ಗಳನ್ನು ವಿಮಾನಕ್ಕೆ ಕಟ್ಟಿ ಅವುಗಳ ಮೇಲೆ ಹಾರಿಸಿದರು. ಮೇಲಿಂದ ನೋಡಿ ಇದು ಕುಳಿ, ಇದು ಸಮತಟ್ಟು ಅಂತ ಸೆನ್ಸರ್ ಗುರುತಿಸುತ್ತದಾ ಅನ್ನುವುದು ಪ್ರಶ್ನೆ. ಚಳ್ಳಕೆರೆಯಲ್ಲಿ ಗಾಳಿ ಇದೆ, ಚಂದ್ರನಲ್ಲಿ ಇಲ್ಲ. ಇಲ್ಲಿಯ ಗುರುತ್ವ ಆರು ಪಟ್ಟು ಜಾಸ್ತಿ. ಅದಾವುದೂ ಆ ಪ್ರಶ್ನೆಗೆ ಬೇಕಿರಲಿಲ್ಲ. ನೆಲದ ಆಕಾರ ಒಂದು ಹೊಂದಿದರೆ ಸಾಕಿತ್ತು.

ರೋವರ್‌ನ ಚಕ್ರ ಚಂದ್ರನ ಮಣ್ಣಲ್ಲಿ ಹೂತುಹೋಗುತ್ತದಾ ಅನ್ನುವ ಪ್ರಶ್ನೆ ಬಂದಾಗ ಜಾಗ ಬದಲಾಯಿತು. ಅದಕ್ಕೆ ಬೇಕಾದದ್ದು ಮಣ್ಣು. ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸಿತ್ತಂಪೂಂಡಿಯಲ್ಲಿ ಅನಾರ್ಥೊಸೈಟ್ ಅನ್ನುವ ಕಲ್ಲು ಸಿಗುತ್ತದೆ. ಚಂದ್ರನ ಬೆಟ್ಟಪ್ರದೇಶದ ಕಲ್ಲೂ ಆ ಜಾತಿಯದೇ. ಅದನ್ನು ಪುಡಿ ಮಾಡಿಸಿ ಬೆಂಗಳೂರಿಗೆ ತಂದು ಒಂದು ದೊಡ್ಡ ಕೋಣೆಯಲ್ಲಿ ಹರಡಿದರು. ಗುರುತ್ವ ಕಡಿಮೆ ಇದ್ದ ಹಾಗೆ ಮಾಡಲು ರೋವರ್‌ಗೆ ಹೀಲಿಯಂ ಬಲೂನು ಕಟ್ಟಿ ಅದರ ಭಾರ ಇಳಿಸಿದರು. ಅಲ್ಲಿ ಕುಳಿಯ ಆಕಾರ ಮುಖ್ಯ ಅಲ್ಲ, ಮಣ್ಣು ಮತ್ತು ಭಾರ ಮುಖ್ಯ. ಎಲ್ಲವೂ ಸರಿಯಾಗಿ ಹೊಂದುವ ಒಂದೇ ಒಂದು ಜಾಗ ಭೂಮಿ ಮೇಲೆ ಇಲ್ಲ. ಇದ್ದಿದ್ದರೆ ನಮ್ಮ ಕೆಲಸ ತುಂಬ ಸುಲಭವಾಗುತ್ತಿತ್ತು.

ಇಷ್ಟೆಲ್ಲ ಮಾಡಿಯೂ 2019ರ ಸೆಪ್ಟೆಂಬರ್ 7ರಂದು ಚಂದ್ರಯಾನ-2ರ ವಿಕ್ರಮ್ ಬಿತ್ತು ಅಲ್ವಾ ಅನ್ನಬಹುದು ನೀವು. ನ್ಯಾಯವಾದ ಮಾತು. ಏನಾಯಿತು ಅಂತ 2023ರಲ್ಲಿ ಇಸ್ರೋದ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ ಆ ವರ್ಷ ವಿವರಿಸಿದರು. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಬಲ ಕೊಟ್ಟವು. ತಪ್ಪುಗಳು ಸ್ವಲ್ಪ ಸ್ವಲ್ಪವೇ ಸೇರುತ್ತಾ ಹೋದವು. ಸರಿ ಮಾಡಿಕೊಳ್ಳಲು ಲ್ಯಾಂಡರ್ ಬೇಗ ಬೇಗ ತಿರುಗಬೇಕಾಯಿತು, ಅಷ್ಟು ಬೇಗ ತಿರುಗಲು ಅದಕ್ಕೆ ಮಿತಿ ಹಾಕಲಾಗಿತ್ತು. ಇಳಿಯಲು ಕೊಟ್ಟ ಜಾಗವೂ 500 ಮೀಟರ್‌ಗೆ 500 ಮೀಟರ್, ಬಹಳ ಚಿಕ್ಕದು. ಒಂದೊಂದೇ ತೊಂದರೆ ಬಂದಿದ್ದರೆ ಬಚಾವಾಗುತ್ತಿತ್ತೇನೋ. ಒಟ್ಟಿಗೆ ಬಂದವು.

ಒಂದೊಂದೇ ಅನುಮಾನವನ್ನು ಬಿಡಿಸಿ ನೋಡುವ ನಮ್ಮ ಪದ್ಧತಿಯ ದೌರ್ಬಲ್ಯ ಇದೇ. ಬಿಡಿ ಬಿಡಿಯಾಗಿ ಪಾಸಾದವು ಸೇರಿದಾಗ ಫೇಲಾಗಬಹುದು. ಹಾಗಾಗಿ ಚಂದ್ರಯಾನ-3ರಲ್ಲಿ ಸೇರಿಸಿ ಮಾಡುವ ಪರೀಕ್ಷೆಗಳಿಗೆ ಜಾಸ್ತಿ ಒತ್ತು ಕೊಟ್ಟರು. ಸೆನ್ಸರ್ ಮತ್ತು ದಾರಿ ಲೆಕ್ಕ ಹಾಕುವ ವ್ಯವಸ್ಥೆಯನ್ನು ಒಟ್ಟಿಗೆ ಹೆಲಿಕಾಪ್ಟರ್‌ಗೆ ಕಟ್ಟಿ ಒಂದು ಪರೀಕ್ಷೆ. ಎಂಜಿನ್ನೂ ಉರಿಯುತ್ತಾ ಎಲ್ಲವೂ ಒಂದಕ್ಕೊಂದು ಉತ್ತರ ಕೊಡುತ್ತಾ ಟವರ್ ಕ್ರೇನಿಗೆ ನೇತು ಹಾಕಿ ಇನ್ನೊಂದು. ಚಂದ್ರನ ಮಣ್ಣಿನಂಥ ಹಾಸಿನ ಮೇಲೆ ಕಾಲುಗಳನ್ನು ಬೇರೆ ಬೇರೆ ಬಗೆಯಲ್ಲಿ ಇಳಿಸಿ ಮತ್ತೊಂದು. ಸೆಕೆಂಡಿಗೆ ಎರಡು ಮೀಟರ್ ವೇಗದಲ್ಲಿ ನೆಲಕ್ಕೆ ತಾಗಿದರೆ ತಡೆಯುತ್ತಿದ್ದ ಕಾಲುಗಳನ್ನು ಮೂರು ಮೀಟರ್‌ಗೆ ಗಟ್ಟಿ ಮಾಡಿದರು. ಇಳಿಯುವ ಜಾಗವನ್ನು 4 ಕಿ.ಮೀ.ಗೆ 2.4 ಕಿ.ಮೀ. ಅಷ್ಟು ಹಿಗ್ಗಿಸಿದರು. 2023ರ ಆಗಸ್ಟ್ 23ರಂದು ಏನಾಯಿತು ಅಂತ ನಾನು ಹೇಳಬೇಕಿಲ್ಲ.

ಬೆಂಗಳೂರಿಗೆ ಬಂದರೆ ಮುರುಗೇಶಪಾಳ್ಯದ ಹತ್ತಿರ ವಿಂಡ್ ಟನಲ್ ರಸ್ತೆ ಅಂತ ಒಂದಿದೆ. ಆಟೋದವರಿಗೂ ಗೊತ್ತು. ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನ 1.2 ಮೀಟರ್ ವಿಂಡ್ ಟನಲ್ ಅಲ್ಲಿ 1967ರಿಂದ ನಡೆಯುತ್ತಿದೆ. ದೊಡ್ಡ ಟ್ಯಾಂಕುಗಳಲ್ಲಿ ಗಾಳಿಯನ್ನು ಒತ್ತಿ ತುಂಬಿಟ್ಟುಕೊಂಡು ಒಮ್ಮೆಲೇ ಬಿಡುತ್ತಾರೆ. ಶಬ್ದಕ್ಕಿಂತ ಕಡಿಮೆ ವೇಗದಿಂದ ಹಿಡಿದು ಹಲವು ಪಟ್ಟು ಹೆಚ್ಚಿನ ವೇಗದವರೆಗೆ ಗಾಳಿ ಹರಿಯುತ್ತದೆ. ಅರ್ಧ ನಿಮಿಷದ ಆಟ. ಅಷ್ಟರಲ್ಲಿ ಚಿಕ್ಕ ಲೋಹದ ಮಾದರಿಯ ಮೇಲೆ ಬೀಳುವ ಬಲಗಳನ್ನು ಅಳೆದುಬಿಡಬೇಕು. ಇಸ್ರೋದ ರಾಕೆಟ್‌ಗಳು, ನಮ್ಮ ಕ್ಷಿಪಣಿಗಳು, ತೇಜಸ್, ಎಲ್ಲವೂ ಮಾದರಿಯ ರೂಪದಲ್ಲಿ ಆ ಗಾಳಿ ತಿಂದಿವೆ. ನಿಮ್ಮ ಸಿಮ್ಯುಲೇಶನ್ನಿಗೆ ಬೇಕಾಗುವ ಅಂಕಿಗಳು ಹುಟ್ಟುವುದು ಇಂಥ ಕಡೆ.

ಅಲ್ಲೇ ಹತ್ತಿರ ಸುರಂಜನ್ ದಾಸ್ ರಸ್ತೆ. ಅದರ ಹಿಂದಿನ ಕತೆ ಓಡಾಡುವವರಲ್ಲಿ ತುಂಬ ಜನಕ್ಕೆ ಗೊತ್ತಿಲ್ಲ. ಎಚ್‌ಎಎಲ್ 1950ರ ದಶಕದಲ್ಲಿ ಜರ್ಮನಿಯ ವಿಮಾನ ವಿನ್ಯಾಸಕ ಕುರ್ಟ್ ಟ್ಯಾಂಕ್ ಅವರನ್ನು ಕರೆಸಿ ಮಾರುತ್ ಅನ್ನುವ ಯುದ್ಧವಿಮಾನ ಮಾಡಲು ಹೊರಟಿತು. ಎಂಜಿನ್ ಇಟ್ಟು ಹಾರಿಸುವ ಮುಂಚೆ ಅದೇ ಅಳತೆಯ ಮರದ ಗ್ಲೈಡರ್ ಮಾಡಿದರು. 1959ರಲ್ಲಿ ಡಕೋಟಾ ವಿಮಾನಕ್ಕೆ ಹಗ್ಗ ಕಟ್ಟಿ ಅದನ್ನು ಮೇಲಕ್ಕೆ ಎಳೆದುಕೊಂಡು ಹೋಗಿ ಬಿಟ್ಟರು. ಚಿನೂಕ್ ಕೆಳಗೆ ಪುಷ್ಪಕ್ ನೇತಾಡಿದ್ದಕ್ಕೂ ಇದಕ್ಕೂ ಅರವತ್ತಕ್ಕೂ ಹೆಚ್ಚು ವರ್ಷದ ಅಂತರ, ಯೋಚನೆ ಮಾತ್ರ ಒಂದೇ: ಎಂಜಿನ್ ಗೊಡವೆ ಬೇಡ, ಆಕಾರ ಹೇಗೆ ಹಾರುತ್ತದೆ ಅಷ್ಟು ಹೇಳು. ಆಮೇಲೆ 1961ರ ಜೂನ್ 17ರಂದು ಜೆಟ್ ಎಂಜಿನ್ ಇದ್ದ ಮಾರುತ್ ಮೊದಲ ಸಲ ಹಾರಿತು. ಹಾರಿಸಿದವರು ಸುರಂಜನ್ ದಾಸ್. 1970ರ ಜನವರಿಯಲ್ಲಿ ಮಾರುತ್‌ನ ಇನ್ನೊಂದು ರೂಪವನ್ನು ಪರೀಕ್ಷಿಸುವಾಗ ಅವರು ತೀರಿಕೊಂಡರು.

ತೇಜಸ್ 2001ರ ಜನವರಿ 4ರಂದು ಮೊದಲು ಹಾರಿದ್ದು 18 ನಿಮಿಷ. ಅದರಲ್ಲಿ ಇದ್ದದ್ದು ಅಮೆರಿಕದ ಎಫ್-404 ಎಂಜಿನ್. ನಮ್ಮದೇ ಕಾವೇರಿ ಎಂಜಿನ್ ಹಾಕಲಿಲ್ಲ ಅಂತ ಆಗಿನಿಂದಲೂ ಟೀಕೆ ಇದೆ. ಕಾವೇರಿ ಆಗ ಸಿದ್ಧವಿರಲಿಲ್ಲ ಅನ್ನುವುದು ಒಂದು ಮಾತು. ಸಿದ್ಧವಿದ್ದಿದ್ದರೂ ಮೊದಲ ಹಾರಾಟಕ್ಕೆ ಹಾಕಬಾರದು ಅಂತಲೇ ನಾನು ಹೇಳುತ್ತಿದ್ದೆ. ಹೊಸ ವಿಮಾನಕ್ಕೆ ಪಳಗಿದ ಎಂಜಿನ್ ಇರಬೇಕು, ಹೊಸ ಎಂಜಿನ್‌ಗೆ ಪಳಗಿದ ವಿಮಾನ ಇರಬೇಕು. ಕಾವೇರಿಯನ್ನು ಆಕಾಶದಲ್ಲಿ ಪರೀಕ್ಷಿಸಿದ್ದು 2010ರಲ್ಲಿ, ರಷ್ಯಾದಲ್ಲಿ. ನಾಲ್ಕು ಎಂಜಿನ್ನಿನ ಇಲ್ಯೂಶಿನ್-76 ವಿಮಾನದಲ್ಲಿ ಒಂದನ್ನು ತೆಗೆದು ಆ ಜಾಗಕ್ಕೆ ಕಾವೇರಿ ಕೂರಿಸಿದರು. ಅದು ಕೈಕೊಟ್ಟರೂ ಉಳಿದ ಮೂರು ವಿಮಾನವನ್ನು ಮನೆಗೆ ತರುತ್ತವೆ. ವಿಮಾನವೇ ಅಲ್ಲಿ ಪ್ರಯೋಗಶಾಲೆ.

ಗೋವಾದಲ್ಲಿ ಇನ್ನೊಂದು ಬಗೆ ಇದೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಯುದ್ಧನೌಕೆಯ ಮೇಲಿಂದ ವಿಮಾನ ಹಾರಿಸುವುದನ್ನು ನೇರವಾಗಿ ಸಮುದ್ರದಲ್ಲಿ ಕಲಿಯಲಾಗದು. ಅದಕ್ಕೆ ಐಎನ್‌ಎಸ್ ಹಂಸದಲ್ಲಿ ನೆಲದ ಮೇಲೇ ನೌಕೆಯ ಡೆಕ್ಕಿನ ಹಾಗೆ ಕಟ್ಟಿದ್ದಾರೆ. ಮುಂದೆ ಮೇಲಕ್ಕೆ ಬಾಗಿದ ಇಳಿಜಾರು, ಹಿಂದೆ ವಿಮಾನದ ಕೊಕ್ಕೆಗೆ ಸಿಕ್ಕಿ ನಿಲ್ಲಿಸುವ ತಂತಿ. ನೌಕಾಪಡೆಯ ತೇಜಸ್ ಅಲ್ಲಿ 2014ರಲ್ಲಿ ಇಳಿಜಾರಿನಿಂದ ಹಾರಿತು, 2019ರಲ್ಲಿ ತಂತಿಗೆ ಕೊಕ್ಕೆ ಹಾಕಿ ನಿಂತಿತು. ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿದದ್ದು 2020ರ ಜನವರಿಯಲ್ಲಿ. ಗೋವಾದ ಡೆಕ್ ತೂಗಾಡುವುದಿಲ್ಲ. ತೂಗಾಟದ ಪ್ರಶ್ನೆಯನ್ನು ಕಡೆಗೆ ಉಳಿಸಿಕೊಂಡಿದ್ದರು.

ಪರೀಕ್ಷಾ ಹಾರಾಟ ಒಳಗಿಂದ ಹೇಗಿರುತ್ತದೆ? ಸಿನಿಮಾದ ಹಾಗೆ ಇರುವುದಿಲ್ಲ. ಬಹುಪಾಲು ಬೇಸರ ಬರಿಸುವ ಕೆಲಸ. ಹಿಂದಿನ ದಿನ ಕೂತು ಕಾರ್ಡ್ ಬರೆಯುತ್ತೇವೆ: ಇಷ್ಟು ಎತ್ತರ, ಇಷ್ಟು ವೇಗ, ಇಲ್ಲಿ ವಿಮಾನ ನಡೆಸುವ ಕೋಲನ್ನು ಹೀಗೆ ಒಮ್ಮೆ ತಟ್ಟಬೇಕು, ರೆಕ್ಕೆಯ ನಡುಕ ಇಷ್ಟು ಸೆಕೆಂಡಿನಲ್ಲಿ ಅಡಗಬೇಕು. ಅಡಗಿದರೆ ಮುಂದಿನ ವೇಗಕ್ಕೆ ಹೋಗಬಹುದು. ಅಡಗಲು ಜಾಸ್ತಿ ಹೊತ್ತು ತೆಗೆದುಕೊಂಡರೆ ಅವತ್ತಿಗೆ ಅಷ್ಟೇ, ವಾಪಸ್. ವೇಗ ಏರಿದ ಹಾಗೆ ಆ ನಡುಕ ಅಡಗದೆ ಬೆಳೆಯಲು ಶುರುವಾದರೆ ರೆಕ್ಕೆ ಕ್ಷಣದಲ್ಲಿ ಮುರಿಯುತ್ತದೆ. ಅದಕ್ಕೇ ಮೆಟ್ಟಿಲು ಚಿಕ್ಕದು. ಕೆಳಗೆ, ಹಾರುವ ವಿಮಾನದಿಂದ ಅಂಕಿಗಳು ಬರುವ ಟೆಲಿಮೆಟ್ರಿ ಕೋಣೆಯಲ್ಲಿ ಒಬ್ಬೊಬ್ಬರು ಒಂದೊಂದೇ ಗೆರೆ ನೋಡುತ್ತಾ ಕೂತಿರುತ್ತಾರೆ. ಹೈಡ್ರಾಲಿಕ್ಸ್ ನೋಡುವವರಿಗೆ ಎಂಜಿನ್ ಚಿಂತೆ ಇಲ್ಲ. ಅವರಲ್ಲಿ ಯಾರು ಬೇಕಾದರೂ, ನಿನ್ನೆ ಕೆಲಸಕ್ಕೆ ಸೇರಿದ ಹುಡುಗಿಯಾದರೂ, ‘ಅಬಾರ್ಟ್’, ಅಂದರೆ ಇಲ್ಲಿಗೇ ನಿಲ್ಲಿಸಿ, ಅಂತ ಹೇಳಿದರೆ ಮುಗಿಯಿತು. ಯಾಕೆ ಅಂತ ಕೇಳುವುದು ವಿಮಾನ ಇಳಿದ ಮೇಲೆ. ಒಂದು ಪರೀಕ್ಷಾ ಕೇಂದ್ರ ಎಷ್ಟು ಒಳ್ಳೆಯದು ಅಂತ ನೋಡಬೇಕಾದರೆ ನಾನು ರನ್‌ವೇ ಉದ್ದ ನೋಡುವುದಿಲ್ಲ. ಚಿಕ್ಕವರು ಅಬಾರ್ಟ್ ಅಂದಾಗ ದೊಡ್ಡವರ ಮುಖ ಹೇಗಿರುತ್ತದೆ ಅಂತ ನೋಡುತ್ತೇನೆ.

ಈಗ ಬಿದ್ದ ವಿಮಾನಗಳ ವಿಷಯ. ನೀವು ಹೇಳಿದ್ದು 2019ರ ಸೆಪ್ಟೆಂಬರ್‌ನಲ್ಲಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ ಬಿದ್ದ ರುಸ್ತುಂ-2 ಮತ್ತು 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಬಿದ್ದ ತಪಸ್. ಎರಡೂ ಒಂದೇ ವಿಮಾನದ ಎರಡು ಹೆಸರು. ಎರಡರಲ್ಲೂ ಯಾರಿಗೂ ಪೆಟ್ಟಾಗಲಿಲ್ಲ. ಬೀಳುವುದೆಲ್ಲ ಸೋಲಲ್ಲ. ಬೀಳುವ ತನಕದ ಅಂಕಿಗಳು ಕೈಗೆ ಬಂದಿದ್ದರೆ, ಕಾರಣ ಗೊತ್ತಾಗಿ ಅದನ್ನು ಸರಿ ಮಾಡಿದ್ದರೆ, ಅದು ದುಬಾರಿ ಪಾಠ ಅಷ್ಟೇ. ಅದೇ ಕಾರಣಕ್ಕೆ ಎರಡನೇ ಸಲ ಬಿದ್ದರೆ ಸೋಲು. ಆದರೆ ‘ಪರೀಕ್ಷೆ ಅಲ್ವಾ, ಬಿದ್ದೇ ಬೀಳುತ್ತೆ’ ಅಂತ ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. 2009ರ ಮಾರ್ಚ್ 6ರಂದು ಬಿಡದಿ ಹತ್ತಿರ ಸಾರಸ್ ವಿಮಾನ ಬಿದ್ದಾಗ ವಾಯುಪಡೆಯ ಮೂವರು ತೀರಿಕೊಂಡರು. ಆಕಾಶದಲ್ಲಿ ಒಂದು ಎಂಜಿನ್ ನಿಲ್ಲಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ಅದು. ಪೈಲಟ್ ಇಲ್ಲದ ವಿಮಾನ ಹೊಲಕ್ಕೆ ಬಿದ್ದಾಗ ಪತ್ರಿಕೆಯವರು ನಷ್ಟದ ಲೆಕ್ಕ ಕೇಳುತ್ತಾರೆ. ಒಳಗೆ ಯಾರೂ ಇರಲಿಲ್ಲ ಅನ್ನುವುದೇ ನಮ್ಮಂಥವರಿಗೆ ಮೊದಲು ಹೊಳೆಯುವ ಲಾಭ.

ತಪಸ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಪರೀಕ್ಷೆಯ ಅತಿ ಕಷ್ಟದ ಉತ್ತರ ಅದರಲ್ಲಿದೆ. ಆ ವಿಮಾನ 2016ರ ನವೆಂಬರ್‌ನಲ್ಲಿ ನಿಮ್ಮ ಊರಿನ ರನ್‌ವೇಯಿಂದಲೇ ಮೊದಲು ಹಾರಿತು. 2023ರ ಜೂನ್ ಹೊತ್ತಿಗೆ 200 ಹಾರಾಟ ಮುಗಿಸಿತ್ತು. ಸೇನೆ ಕೇಳಿದ್ದು 30,000 ಅಡಿ ಎತ್ತರ ಮತ್ತು 24 ಗಂಟೆಯ ಹಾರಾಟ. ಅದು ಮುಟ್ಟಿದ್ದು 28,000 ಅಡಿ ಮತ್ತು 18 ಗಂಟೆ. ಹಾರುತ್ತದೆ, ಇಳಿಯುತ್ತದೆ, ಚೆನ್ನಾಗಿಯೇ ಇದೆ, ಆದರೆ ಕೇಳಿದಷ್ಟು ಇಲ್ಲ. ಇಂಥ ಉತ್ತರವನ್ನು ಒಪ್ಪಿಕೊಳ್ಳುವುದು ಬಿದ್ದ ವಿಮಾನವನ್ನು ಒಪ್ಪಿಕೊಳ್ಳುವುದಕ್ಕಿಂತ ಕಷ್ಟ. ಬಿದ್ದರೆ ತನಿಖೆ ಆಗುತ್ತದೆ. ಕೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯಾದರೆ ವರ್ಷಗಟ್ಟಲೆ ವಾದ ಆಗುತ್ತದೆ. ಹಾಗಂತ ಆ 200 ಹಾರಾಟ ದಂಡ ಅಂತ ನನಗನ್ನಿಸುವುದಿಲ್ಲ. ತಾನೇ ಏರಿ ತಾನೇ ಇಳಿಯುವ ವಿದ್ಯೆ ಕೈಗೆ ಬಂದದ್ದು ಇಂಥ ಹಾರಾಟಗಳಿಂದಲೇ.

ಇನ್ನು, ನಿಮ್ಮ ಕಾವಲೇ ಯಾಕೆ? ಮೊದಲು ಪೈಲಟ್ ಇಲ್ಲದ ವಿಮಾನಗಳನ್ನು ಕೋಲಾರ, ಹೊಸೂರು ಕಡೆ ಹಾರಿಸುತ್ತಿದ್ದರು. ವಿಮಾನ ದೊಡ್ಡದಾದ ಹಾಗೆ ಜಾಗ ಸಾಲದೆ ಬಂತು. ಬೆಂಗಳೂರಿನ ಆಕಾಶದಲ್ಲಂತೂ ಪ್ರಯಾಣಿಕರ ವಿಮಾನಗಳ ಸಂತೆ. ಬೇಕಾದದ್ದು ಸಮತಟ್ಟು ನೆಲ, ಕಡಿಮೆ ಜನ, ಕಡಿಮೆ ಮಳೆ, ಖಾಲಿ ಆಕಾಶ, ಬೆಂಗಳೂರಿನಿಂದ ಬೆಳಿಗ್ಗೆ ಹೊರಟರೆ ಊಟದ ಹೊತ್ತಿಗೆ ತಲುಪುವಷ್ಟು ದೂರ. ಚಳ್ಳಕೆರೆ ರಾಜ್ಯದಲ್ಲೇ ಮಳೆ ತೀರಾ ಕಡಿಮೆ ಇರುವ ತಾಲ್ಲೂಕುಗಳಲ್ಲಿ ಒಂದು. ರೈತರಿಗೆ ಶಾಪ ಆದದ್ದು ನಮಗೆ ಅನುಕೂಲ. ವರವು ಕಾವಲಿನಲ್ಲಿ 4,290 ಎಕರೆ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒಗೆ ಸಿಕ್ಕಿತು. ಎರಡು ಕಿ.ಮೀ.ಗೂ ಉದ್ದದ ರನ್‌ವೇ ಕಟ್ಟಿದರು. 2017ರ ಮೇ 28ರಂದು ಕೇಂದ್ರದ ಉದ್ಘಾಟನೆ ಆಯಿತು. ಇದೂ, ಬೆಂಗಳೂರಿನ ಐಐಎಸ್‌ಸಿ, ಅಣು ಸಂಶೋಧನೆಯ ಬಿಎಆರ್‌ಸಿ, ಇಸ್ರೋ ಎಲ್ಲಕ್ಕೂ ಸೇರಿ ಆ ಭಾಗದಲ್ಲಿ ಹೋದದ್ದು ಸುಮಾರು 10 ಸಾವಿರ ಎಕರೆ.

‘ಖಾಲಿ’ ಅಂದೆನಲ್ಲ, ಅದು ನಕ್ಷೆ ನೋಡುವವರ ಮಾತು. ಅಮೃತಮಹಲ್ ಕಾವಲು ಯಾವತ್ತೂ ಖಾಲಿ ಇರಲಿಲ್ಲ. ಮೈಸೂರು ಅರಸರ ಕಾಲದಲ್ಲಿ ಸೈನ್ಯದ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು ಅದು. ಆಮೇಲೆ ಸುತ್ತಲ ಹಳ್ಳಿಗಳ ಕುರಿ, ದನ, ಮ್ಯಾಸಬೇಡರ ದೇವರ ಎತ್ತುಗಳು ಅಲ್ಲೇ ಮೇದವು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬಂದದ್ದು ಆ ಹುಲ್ಲಿನಿಂದ. ಬೇಲಿ ಬಿದ್ದಾಗ ಜನ ಪ್ರತಿಭಟಿಸಿದರು, ಹಸಿರು ನ್ಯಾಯಮಂಡಳಿಗೂ ಹೋದರು. ಅವರು ಎತ್ತಿದ ಪ್ರಶ್ನೆ ಸರಿಯಾಗಿಯೇ ಇತ್ತು ಅಂತ ನನ್ನ ಅಭಿಪ್ರಾಯ. ಪರೀಕ್ಷೆಗೆ ಬಯಲು ಬೇಕು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ನಾವು ಲೆಕ್ಕ ಹಾಕುವ ಖರ್ಚಿನಲ್ಲಿ ಹೆಲಿಕಾಪ್ಟರ್ ಇಂಧನ ಇರುತ್ತದೆ, ಪ್ಯಾರಾಚೂಟ್ ಬಟ್ಟೆ ಇರುತ್ತದೆ. ಮೇವಿಗೆ ಹತ್ತು ಮೈಲಿ ಸುತ್ತಿ ಹೋಗುವ ಕುರಿಗಾಹಿಯ ದಿನ ಇರುವುದಿಲ್ಲ. ರನ್‌ವೇಗೆ ಬೇಕಾದಷ್ಟು ಸುರಕ್ಷತೆಯ ಅಂಚು ಬಿಟ್ಟು ಉಳಿದ ಹುಲ್ಲನ್ನು, ಹಾರಾಟ ಇಲ್ಲದ ದಿನಗಳಲ್ಲಾದರೂ, ಮೇಯಲು ಬಿಡಬಹುದಾ ಅಂತ ಕೂತು ಮಾತಾಡಲು ಯಾವ ತಾಂತ್ರಿಕ ಅಡ್ಡಿಯೂ ನನಗೆ ಕಾಣುವುದಿಲ್ಲ. ಭದ್ರತೆಯವರು ಒಪ್ಪಲಿಕ್ಕಿಲ್ಲ, ಅದು ಬೇರೆ ಮಾತು.

ಕೊನೆಗೆ ನಿಮ್ಮ ಡ್ರೋನ್. 2021ರ ಡ್ರೋನ್ ನಿಯಮಗಳಲ್ಲಿ ನಿಮ್ಮಂಥವರಿಗೆ ಒಂದು ಒಳ್ಳೆಯ ರಿಯಾಯಿತಿ ಇದೆ. ಸರ್ಕಾರದ ಅಧೀನದ ಅಥವಾ ಸರ್ಕಾರದ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆ ಸಂಶೋಧನೆಗಾಗಿ, ಪರೀಕ್ಷೆಗಾಗಿ ಹಾರಿಸುವುದಾದರೆ ಟೈಪ್ ಸರ್ಟಿಫಿಕೇಟ್ (ಆ ಮಾದರಿಯ ಡ್ರೋನ್‌ಗೆ ಕೊಡುವ ಒಪ್ಪಿಗೆ ಪತ್ರ), ನೋಂದಣಿ ಸಂಖ್ಯೆ, ಪೈಲಟ್ ಲೈಸೆನ್ಸ್ ಬೇಕಿಲ್ಲ. ಷರತ್ತು ಏನೆಂದರೆ ಹಾರಾಟ ಸರ್ಕಾರದ ನಕ್ಷೆಯಲ್ಲಿ ಹಸಿರು ಬಣ್ಣದಲ್ಲಿ ಗುರುತಿಸಿದ ಹಸಿರು ವಲಯದಲ್ಲಿರಬೇಕು, ಸಂಸ್ಥೆಯ ಆವರಣದಲ್ಲಿ ಅಥವಾ ಅದರ ಹಿಡಿತದಲ್ಲಿರುವ ಬಯಲಲ್ಲಿ ನಡೆಯಬೇಕು. ರಿಯಾಯಿತಿ ಇರುವುದು ಕಾಲೇಜಿಗೆ, ಗೆಳೆಯರ ಗುಂಪಿಗೆ ಅಲ್ಲ. ಹಾಗಾಗಿ ಊರಿನ ಹೊಲ ಬಿಡಿ, ಕಾಲೇಜಿನ ಮೈದಾನದಲ್ಲೇ ಪ್ರೊಫೆಸರ್ ಒಬ್ಬರನ್ನು ಜೊತೆಗಿಟ್ಟುಕೊಂಡು ಮಾಡಿ. ಹಸಿರು ವಲಯದಲ್ಲಿ ಸಾಮಾನ್ಯವಾಗಿ ಹಾರಬಹುದಾದ ಎತ್ತರ 400 ಅಡಿ, ವಿಮಾನ ನಿಲ್ದಾಣ ಹತ್ತಿರ ಇದ್ದರೆ ಇನ್ನೂ ಕಡಿಮೆ. ಯಾವ ಜಾಗ ಯಾವ ಬಣ್ಣ ಅಂತ ಡಿಜಿಟಲ್ ಸ್ಕೈ ಅನ್ನುವ ಆ ನಕ್ಷೆಯಲ್ಲಿ ಹಾರಿಸುವ ದಿನವೇ ನೋಡಿ, ಬಣ್ಣ ಬದಲಾಗುತ್ತಿರುತ್ತದೆ. ನಿಮ್ಮ ಊರಿನ ಹತ್ತಿರ ಇರುವ ಸಂಸ್ಥೆಗಳನ್ನು ನೋಡಿದರೆ ಅಲ್ಲಿ ಹಸಿರೇ ಇರುತ್ತದೆ ಅಂತ ಊಹಿಸುವುದು ಜಾಣತನ ಅಲ್ಲ.

ಮೊದಲ ದಿನವೇ ಹಾರಿಸಬೇಡಿ. ತಿರುಗುವ ರೆಕ್ಕೆ, ಅಂದರೆ ಪ್ರೊಪೆಲ್ಲರ್, ಬಿಚ್ಚಿಟ್ಟು ಮೋಟಾರ್ ಮಾತ್ರ ತಿರುಗಿಸಿ, ನಾಲ್ಕೂ ಸರಿಯಾದ ದಿಕ್ಕಿಗೆ ತಿರುಗುತ್ತಿವೆಯಾ ನೋಡಿ. ಆಮೇಲೆ ರೆಕ್ಕೆ ಹಾಕಿ, ನೆಲಕ್ಕೆ ಹಗ್ಗದಿಂದ ಕಟ್ಟಿ, ಒಂದಡಿ ಏರಿಸಿ. ಸಿಗ್ನಲ್ ತಪ್ಪಿದರೆ ಏನು ಮಾಡುತ್ತದೆ ಅಂತ ರಿಮೋಟ್ ಆಫ್ ಮಾಡಿ ನೋಡಿ, ಹಗ್ಗ ಇರುವಾಗಲೇ. ಪ್ರತಿ ಸಲಕ್ಕೂ ಒಂದು ಚೀಟಿ ಬರೆಯಿರಿ: ಇವತ್ತು ಏನು ತಿಳಿಯಬೇಕು, ಏನಾದರೆ ತಕ್ಷಣ ಇಳಿಸಬೇಕು. ಇಳಿಸು ಅನ್ನುವವರು ರಿಮೋಟ್ ಹಿಡಿದವರಲ್ಲದೆ ಬೇರೆಯವರಾಗಿರಲಿ. ಡ್ರೋನ್ ಒಳಗಿನ ಲಾಗ್ ಫೈಲನ್ನು ಮುಂದಿನ ಹಾರಾಟಕ್ಕೆ ಮುಂಚೆ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ. ಬ್ಯಾಟರಿ ಇನ್ನೂ ಅರ್ಧ ಇದೆ, ಇನ್ನೊಂದು ರೌಂಡ್ ಹೊಡೆಯೋಣ ಅಂತ ಯಾರಾದರೂ ಅಂದರೆ ಚೀಟಿ ತೋರಿಸಿ.